ಹಸಿವು ಯಾರಿಗೂ ಕಾಣಲಿಲ್ಲ, ಬೈಗುಳ ಕಂಡಿತು

ಆರ್ನಾಲ್ಡ್ ಸ್ಪಿರಿಟ್ ಜೂನಿಯರ್ ಹುಟ್ಟುವಾಗಲೇ ಅವನ ತಲೆಯಲ್ಲಿ ನೀರು ತುಂಬಿಕೊಂಡಿತ್ತು. ಆರು ತಿಂಗಳ ಕೂಸಿದ್ದಾಗ ಮಿದುಳಿನ ಆಪರೇಷನ್ ಆಯಿತು. ಉಳಿಯುವುದು ಕಷ್ಟ ಅಂದಿದ್ದರು, ಉಳಿದ. ಬಾಯಲ್ಲಿ 42 ಹಲ್ಲು, ನಮ್ಮೆಲ್ಲರಿಗಿಂತ ಹತ್ತು ಜಾಸ್ತಿ. ಅವನ ಜನಕ್ಕೆಂದು ಸರ್ಕಾರ ನಡೆಸುವ ಆಸ್ಪತ್ರೆಯಲ್ಲಿ ಹಲ್ಲಿನ ದೊಡ್ಡ ಚಿಕಿತ್ಸೆಗೆ ವರ್ಷಕ್ಕೆ ಒಂದೇ ಸಲ ಹಣ ಸಿಗುತ್ತದೆ. ಹಾಗಾಗಿ ಹತ್ತು ಹಲ್ಲನ್ನೂ ಒಂದೇ ದಿನ ಕಿತ್ತರು. ಇಂಡಿಯನ್ನರಿಗೆ ಬಿಳಿಯರ ಅರ್ಧದಷ್ಟೇ ನೋವಾಗುತ್ತದೆ ಎಂದು ಆ ಬಿಳಿಯ ಡಾಕ್ಟರ್ ನಂಬಿದ್ದ. ಅದಕ್ಕೇ ನೋವು ಮರೆಸುವ ಇಂಜೆಕ್ಷನ್ನನ್ನೂ ಅರ್ಧ ಕೊಟ್ಟ.

ಇದು ಒಂದು ಕಾದಂಬರಿಯ ಮೊದಲ ಕೆಲವು ಪುಟಗಳಲ್ಲಿ ಬರುವ ಮಾತು. ಹೆಸರು ‘ದಿ ಅಬ್ಸಲ್ಯೂಟ್ಲಿ ಟ್ರೂ ಡೈರಿ ಆಫ್ ಎ ಪಾರ್ಟ್-ಟೈಮ್ ಇಂಡಿಯನ್’. ಬರೆದವರು ಷರ್ಮನ್ ಅಲೆಕ್ಸಿ. 2007ರಲ್ಲಿ ಬಂತು, ಅದೇ ವರ್ಷ ಕಿರಿಯರ ಸಾಹಿತ್ಯಕ್ಕೆ ಕೊಡುವ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆಯಿತು. ಆಮೇಲೆ ಇನ್ನೊಂದು ಪಟ್ಟಿಗೂ ಸೇರಿತು. 2010ರಿಂದ 2019ರವರೆಗೆ ಅಮೆರಿಕದಲ್ಲಿ ಅತಿ ಹೆಚ್ಚು ನಿಷೇಧಕ್ಕೆ, ಆಕ್ಷೇಪಕ್ಕೆ ಒಳಗಾದ 100 ಪುಸ್ತಕಗಳನ್ನು ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಲೆಕ್ಕಹಾಕಿತು. ಅದರಲ್ಲಿ ಮೊದಲನೆಯದು ಇದೇ.

ಮುಂದೆ ಹೋಗುವ ಮೊದಲು ಎರಡು ಪದ ಬಿಡಿಸಿಕೊಳ್ಳಬೇಕು. ಇಲ್ಲದಿದ್ದರೆ ಕನ್ನಡದಲ್ಲಿ ಓದುವವರಿಗೆ ಗೊಂದಲ ಆಗುತ್ತದೆ. ‘ಇಂಡಿಯನ್’ ಅಂದರೆ ಇಲ್ಲಿ ನಾವಲ್ಲ. ಕೊಲಂಬಸ್ ದಾರಿ ತಪ್ಪಿ ಬಂದು ಇಟ್ಟ ಹೆಸರು ಅದು, ಅಲ್ಲಿನ ಮೂಲನಿವಾಸಿಗಳಿಗೆ ಇವತ್ತಿಗೂ ಅಂಟಿಕೊಂಡಿದೆ. ‘ರಿಸರ್ವೇಶನ್’ ಅಂದರೆ ನಮ್ಮ ಮೀಸಲಾತಿಯೂ ಅಲ್ಲ. ದೊಡ್ಡ ನಾಡನ್ನೆಲ್ಲ ಕಳೆದುಕೊಂಡ ಮೇಲೆ ಒಂದೊಂದು ಬುಡಕಟ್ಟಿಗೆ ಉಳಿದ ತುಂಡು ನೆಲ. ಆರ್ನಾಲ್ಡ್ ಇರುವುದು ವಾಷಿಂಗ್ಟನ್ ರಾಜ್ಯದ ಪೂರ್ವದಲ್ಲಿರುವ ಸ್ಪೋಕ್ಯಾನ್ ರಿಸರ್ವೇಶನ್ನಿನಲ್ಲಿ, ವೆಲ್ಪಿನಿಟ್ ಎಂಬ ಊರಿನಲ್ಲಿ. ಲೇಖಕ ಬೆಳೆದದ್ದೂ ಅಲ್ಲೇ. ತಲೆಯಲ್ಲಿ ನೀರು ತುಂಬಿ ಹುಟ್ಟಿದ್ದೂ ಅವರೇ.

ನಮ್ಮ ಮನೆಗೆ ಈ ಪುಸ್ತಕ ಬಂದದ್ದು ಮಗಳ ಸ್ಕೂಲ್ ಬ್ಯಾಗಿನಲ್ಲಿ. ಸಿಯಾಟಲ್ ಸುತ್ತಮುತ್ತ ನಮ್ಮಂಥ ಕನ್ನಡದ ಕುಟುಂಬಗಳು ಬಹಳ. ವೆಲ್ಪಿನಿಟ್ ಇಲ್ಲಿಂದ ಐದಾರು ಗಂಟೆ ಕಾರಿನ ದಾರಿ. ಒಂದು ಭಾನುವಾರ ಊಟಕ್ಕೆ ಬಂದಿದ್ದ ಗೆಳತಿಯೊಬ್ಬರು ಸೋಫಾ ಮೇಲಿದ್ದ ಪುಸ್ತಕ ತಿರುವಿ, ಒಂದು ಪುಟದಲ್ಲಿ ನಿಂತು, "ಏನ್ರೀ, ಇಂಥದ್ದನ್ನೆಲ್ಲ ಮಕ್ಕಳ ಕೈಗೆ ಕೊಡ್ತಾರಾ?" ಅಂದರು. ನಾನು ಆಗ ಪೂರ್ತಿ ಓದಿರಲಿಲ್ಲ. ಏನು ಹೇಳಬೇಕೋ ತಿಳಿಯದೆ ಸುಮ್ನಾದೆ. ಅವರ ಪ್ರಶ್ನೆ ಕೆಟ್ಟದ್ದೇನೂ ಆಗಿರಲಿಲ್ಲ. ಆದರೆ ಪೂರ್ತಿ ಓದಿದ ಮೇಲೆ ನನಗೆ ಬೇರೆಯದೇ ಒಂದು ಪ್ರಶ್ನೆ ಕಾಡತೊಡಗಿತು. ಇಷ್ಟೆಲ್ಲ ಇರುವ ಪುಸ್ತಕದಲ್ಲಿ ಜನ ಆ ಪುಟದಲ್ಲೇ ಯಾಕೆ ನಿಲ್ಲುತ್ತಾರೆ?

ಪುಸ್ತಕದಲ್ಲಿ ಏನೇನಿದೆ ನೋಡಿ. ಮನೆಯಲ್ಲಿ ಕೆಲವು ರಾತ್ರಿ ಊಟ ಇರುವುದಿಲ್ಲ. ಆರ್ನಾಲ್ಡ್ ಅದಕ್ಕೆ ಜಾಸ್ತಿ ಬೇಸರ ಮಾಡಿಕೊಳ್ಳುವುದಿಲ್ಲ, ನಿದ್ದೆಯೇ ಇವತ್ತಿನ ಊಟ ಅಂದುಕೊಳ್ಳುತ್ತಾನೆ. ಅವನ ಪ್ರಕಾರ ಹಸಿವು ಬಡತನದ ಅತಿ ಕೆಟ್ಟ ಭಾಗ ಅಲ್ಲ. ಅತಿ ಕೆಟ್ಟದ್ದು ಆಸ್ಕರ್‌ಗೆ ಆದದ್ದು. ಆಸ್ಕರ್ ಅವನ ನಾಯಿ, ಬೀದಿಯಿಂದ ಬಂದು ಮನೆ ಸೇರಿದ್ದು. ಅದಕ್ಕೆ ಕಾಯಿಲೆ ಬಿತ್ತು. ಪಶುವೈದ್ಯರಿಗೆ ಕೊಡಲು ದುಡ್ಡಿಲ್ಲ. ಅಪ್ಪ ಬಂದೂಕು ತೆಗೆದ. ಗುಂಡಿನ ಬೆಲೆ ಎರಡು ಸೆಂಟ್, ಅಷ್ಟು ಯಾರ ಬಳಿಯಾದರೂ ಇರುತ್ತದೆ. ಹುಡುಗನಿಗೆ ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ. ಯಾಕೆಂದರೆ ಅಪ್ಪನೂ ಅಳುತ್ತಿದ್ದಾನೆ.

ಹೈಸ್ಕೂಲಿನ ಮೊದಲ ದಿನ ಅವನ ಕೈಗೆ ರೇಖಾಗಣಿತದ ಪುಸ್ತಕ ಸಿಗುತ್ತದೆ. ಅವನಿಗೆ ಗಣಿತ ಅಂದರೆ ಪ್ರಾಣ. ಮೊದಲ ಪುಟ ತೆರೆದರೆ ಅಲ್ಲಿ ಒಂದು ಹೆಸರು ಬರೆದಿದೆ. ಅದು ಅವನ ಅಮ್ಮನ ಹೆಸರು, ಮದುವೆಗೆ ಮುಂಚಿನದು. ಅಂದರೆ ಅಮ್ಮ ಓದಿದ ಅದೇ ಪುಸ್ತಕವನ್ನು ಆ ಶಾಲೆ ಇವನಿಗೂ ಕೊಟ್ಟಿದೆ. ಇವನು ಹುಟ್ಟುವ ಎಷ್ಟೋ ವರ್ಷ ಮೊದಲಿನದು. ಆ ಸಿಟ್ಟಿಗೆ ಪುಸ್ತಕ ಎಸೆಯುತ್ತಾನೆ, ಅದು ಹೋಗಿ ಮೇಷ್ಟರ ಮೂಗಿಗೆ ಬಡಿಯುತ್ತದೆ. ಮೂಗು ಮುರಿದುಕೊಂಡ ಆ ಮುದುಕ ಮೇಷ್ಟರೇ ಮನೆಗೆ ಬಂದು ಅವನ ಜಗಲಿಯಲ್ಲಿ ಕೂತು ಒಂದು ಮಾತು ಒಪ್ಪಿಕೊಳ್ಳುತ್ತಾರೆ. ಹಿಂದೆ ಇಂಡಿಯನ್ ಮಕ್ಕಳನ್ನು ತಾವು ಹೊಡೆಯುತ್ತಿದ್ದೆವು, ನಿಮ್ಮ ಭಾಷೆ, ಹಾಡು, ಕಥೆ ಎಲ್ಲ ಮರೆಸುವುದೇ ನಮಗೆ ಕೊಟ್ಟ ಕೆಲಸವಾಗಿತ್ತು ಅಂತ. ಇಲ್ಲಿಂದ ಹೊರಟುಹೋಗು ಮಗು, ಅನ್ನುತ್ತಾರೆ.

ಮೇಷ್ಟರ ಆ ಮಾತನ್ನು ಕಾದಂಬರಿಕಾರ ಕಟ್ಟಿಕೊಂಡದ್ದಲ್ಲ. 1879ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಕಾರ್ಲೈಲ್ ಇಂಡಿಯನ್ ಶಾಲೆ ತೆರೆದ ಸೇನಾಧಿಕಾರಿ ರಿಚರ್ಡ್ ಹೆನ್ರಿ ಪ್ರಾಟ್ ಇದನ್ನೇ ಘೋಷಣೆಯಂತೆ ಹೇಳಿದ್ದರು: ಒಳಗಿನ ಇಂಡಿಯನ್ನನ್ನು ಕೊಂದು ಮನುಷ್ಯನನ್ನು ಉಳಿಸಿ. 1819ರಿಂದ 1969ರವರೆಗೆ ಕೇಂದ್ರ ಸರ್ಕಾರ ನಡೆಸಿದ ಅಥವಾ ಬೆಂಬಲಿಸಿದ ಇಂಥ 417 ವಸತಿ ಶಾಲೆಗಳನ್ನು ಅಮೆರಿಕದ ಒಳಾಡಳಿತ ಇಲಾಖೆಯೇ ಗುರುತಿಸಿದೆ. ಅಲ್ಲಿ ಕನಿಷ್ಠ 973 ಮಕ್ಕಳು ಸತ್ತರು ಎಂದು 2024ರ ವರದಿ ಹೇಳಿತು. ಅದೇ ವರ್ಷದ ಅಕ್ಟೋಬರ್ 25ರಂದು ಅಧ್ಯಕ್ಷ ಬೈಡನ್ ಕ್ಷಮೆ ಕೇಳಿದರು. ಕಾದಂಬರಿಯ ಮೇಷ್ಟರು ಆ ಜಗಲಿಯಲ್ಲಿ ಕೂತದ್ದು ಅದಕ್ಕಿಂತ 17 ವರ್ಷ ಮೊದಲು.

ಆರ್ನಾಲ್ಡ್ ಹೊರಡುತ್ತಾನೆ. ರಿಸರ್ವೇಶನ್ನಿನ ಆಚೆ, 22 ಮೈಲಿ ದೂರದಲ್ಲಿ ರಿಯರ್ಡನ್ ಎಂಬ ಊರು. ಗೋಧಿ ಹೊಲಗಳ ನಡುವಿನ ಬಿಳಿಯರ ಊರು. ಅಲ್ಲಿನ ಶಾಲೆಯಲ್ಲಿ ಇಂಡಿಯನ್ ಅಂತ ಇರುವುದು ಇವನೊಬ್ಬ, ಇನ್ನೊಂದು ಆ ಶಾಲೆಯ ಲಾಂಛನದಲ್ಲಿರುವ ಚಿತ್ರ. ಅಪ್ಪನ ಕಾರಿಗೆ ಪೆಟ್ರೋಲ್ ಇದ್ದ ದಿನ ಕಾರಿನಲ್ಲಿ, ಇಲ್ಲದ ದಿನ ರಸ್ತೆಯಲ್ಲಿ ಯಾರಿಗಾದರೂ ಕೈತೋರಿಸಿ, ಅದೂ ಸಿಗದಿದ್ದರೆ ನಡೆದು. ಬಡವ ಅಂತ ಯಾರಿಗೂ ತಿಳಿಯಬಾರದು. ಶಾಲೆಯ ಡ್ಯಾನ್ಸಿಗೆ ಅಪ್ಪನ ಹಳೆಯ ಸೂಟ್ ಹಾಕಿಕೊಂಡು ಹೋಗುತ್ತಾನೆ. ಊರಿನಲ್ಲಿ ಅವನ ಜೀವದ ಗೆಳೆಯ ರೌಡಿ (ಅವನ ಹೆಸರೇ ಹಾಗೆ) ಇವನನ್ನು ದ್ರೋಹಿ ಅನ್ನುತ್ತಾನೆ. ಇವನನ್ನು ಸೇಬು ಅಂತ ಕರೆಯುತ್ತಾರೆ, ಮೇಲೆ ಕೆಂಪು, ಒಳಗೆ ಬಿಳುಪು. ಆ ಒಂದೇ ವರ್ಷದಲ್ಲಿ ಮೂರು ಸಾವು. ಜೀವಮಾನದಲ್ಲಿ ಕುಡಿತ ಮುಟ್ಟದ ಅಜ್ಜಿಯನ್ನು ಕುಡಿದ ಡ್ರೈವರ್ ಕೊಲ್ಲುತ್ತಾನೆ. ಅಪ್ಪನ ಗೆಳೆಯ ಯೂಜೀನ್, ಬಾಟಲಿಯ ಕೊನೆಯ ಗುಟುಕಿನ ಜಗಳದಲ್ಲಿ ಗುಂಡೇಟಿಗೆ ಸಾಯುತ್ತಾನೆ. ಪ್ರೇಮಕಾದಂಬರಿ ಬರೆಯುವ ಆಸೆ ಇದ್ದ ಅಕ್ಕ ಮೇರಿ ಮನೆಗೆ ಬೆಂಕಿ ಹತ್ತಿ ಹೋಗುತ್ತಾಳೆ. ಹದಿನಾಲ್ಕು ವರ್ಷಕ್ಕೆ ಅವನು ನೋಡಿದ ಶವಸಂಸ್ಕಾರಗಳ ಲೆಕ್ಕವೂ 42, ಹಲ್ಲಿನಷ್ಟೇ.

ಇಷ್ಟು ಹೇಳಿದರೆ ಗೋಳಿನ ಪುಸ್ತಕ ಅನ್ನಿಸಬಹುದು. ಓದುವಾಗ ಹಾಗನ್ನಿಸುವುದಿಲ್ಲ. ಹುಡುಗ ನಗಿಸುತ್ತಾ ಹೇಳುತ್ತಾನೆ, ನಡುನಡುವೆ ಕಾರ್ಟೂನ್ ಬರೆಯುತ್ತಾನೆ (ಪುಸ್ತಕದಲ್ಲಿ ಅವನ್ನು ಬರೆದವರು ಎಲೆನ್ ಫೋರ್ನಿ). ನಮ್ಮ ದಲಿತ ಆತ್ಮಕಥೆಗಳನ್ನು ಓದಿದವರಿಗೆ ಈ ದನಿ ಚೆನ್ನಾಗಿ ಗೊತ್ತಿರುತ್ತದೆ. ಹಸಿದವನೇ ಹಸಿವಿನ ಬಗ್ಗೆ ನಗುತ್ತಾ ಹೇಳಿದಾಗ ಓದುವವನ ಗಂಟಲು ಕಟ್ಟುತ್ತದೆ. ಬಡತನ ಮನುಷ್ಯನನ್ನು ಗಟ್ಟಿ ಮಾಡುತ್ತದೆ ಎಂಬ ಮಾತನ್ನು ಈ ಹುಡುಗ ಒಪ್ಪುವುದೇ ಇಲ್ಲ. ಬಡತನ ಕಲಿಸುವುದು ಬಡವನಾಗಿರುವುದನ್ನು ಮಾತ್ರ ಅನ್ನುತ್ತಾನೆ. ಕಷ್ಟಪಟ್ಟರೆ ಸುಖ ಎಂದು ಮಕ್ಕಳಿಗೆ ಹೇಳಿಕೊಂಡು ಬಂದ ನನ್ನಂಥವರಿಗೆ ಈ ಮಾತು ಚುಚ್ಚುತ್ತದೆ. ಚುಚ್ಚಲಿ.

ಯಾಕೆ ಈ ಬಡತನ? ಕಾದಂಬರಿ ಅದನ್ನು ಪಾಠದ ಥರ ಹೇಳುವುದಿಲ್ಲ, ಹುಡುಗನಿಗೂ ಅದು ಪೂರ್ತಿ ಗೊತ್ತಿಲ್ಲ. ಆದರೆ ನಾವು ತಿಳಿದುಕೊಳ್ಳಬೇಕು. ಸ್ಪೋಕ್ಯಾನ್ ಜನ ಸಾಲ್ಮನ್ ಮೀನಿನ ಜನ. ಅವರ ಊಟ, ವ್ಯಾಪಾರ, ಹಬ್ಬ ಎಲ್ಲವೂ ಸಮುದ್ರದಿಂದ ನದಿಯಲ್ಲಿ ಮೇಲೇರಿ ಬರುತ್ತಿದ್ದ ಆ ಮೀನಿನ ಸುತ್ತ ಇತ್ತು. 1933ರಲ್ಲಿ ಕೊಲಂಬಿಯಾ ನದಿಗೆ ಗ್ರ್ಯಾಂಡ್ ಕೂಲೀ ಅಣೆಕಟ್ಟು ಕಟ್ಟಲು ಶುರುಮಾಡಿದರು. ಮೀನು ಹತ್ತಿಹೋಗಲು ಮೆಟ್ಟಿಲು ಮಾಡಲೇ ಇಲ್ಲ. ಮೇಲಿನ ನದಿಗೆ ಸಾಲ್ಮನ್ ಬರುವುದು ನಿಂತಿತು. 1940ರ ಜೂನ್‌ನಲ್ಲಿ ಸುತ್ತಲಿನ ಬುಡಕಟ್ಟಿನವರೆಲ್ಲ ಕೆಟಲ್ ಜಲಪಾತದ ಬಳಿ ಸೇರಿ ಮೂರು ದಿನ ಅತ್ತು ಮೀನನ್ನು ಬೀಳ್ಕೊಟ್ಟರು. ಅದಕ್ಕೆ ಕಣ್ಣೀರಿನ ಸಮಾರಂಭ ಎಂದೇ ಹೆಸರು. ಆಮೇಲೆ ಆ ಜಲಪಾತವೂ ಮುಳುಗಿತು. 1950ರ ದಶಕದಲ್ಲಿ ರಿಸರ್ವೇಶನ್ನಿನ ಒಳಗೇ ಮಿಡ್‌ನೈಟ್ ಎಂಬ ಯುರೇನಿಯಂ ಗಣಿ ತೆರೆಯಿತು. 1981ರಲ್ಲಿ ಮುಚ್ಚಿತು. ಅದು ಬಿಟ್ಟುಹೋದ ವಿಷದ ಮಣ್ಣು ನೀರನ್ನು ಸ್ವಚ್ಛ ಮಾಡುವ ಕೆಲಸ ಅದೆಷ್ಟೋ ವರ್ಷಗಳಿಂದ ನಡೆಯುತ್ತಿದೆ. ಅಣೆಕಟ್ಟಿಗೆ ನೆಲ ಕಳೆದುಕೊಂಡದ್ದಕ್ಕೆ ಸ್ಪೋಕ್ಯಾನ್ ಬುಡಕಟ್ಟಿಗೆ ಪರಿಹಾರದ ಕಾನೂನು ಬಂದದ್ದು 2019ರ ಕೊನೆಗೆ. ಶರಾವತಿಯಲ್ಲಿ ಊರು ಮುಳುಗಿಸಿಕೊಂಡವರ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಈಗ ದೂರುಗಳ ಕಡೆ ಬರೋಣ. ಹುಡುಗ ಕೆಟ್ಟ ಮಾತು ಆಡುತ್ತಾನೆ. ಕುಡಿತ ಇದೆ, ಹೊಡೆದಾಟ ಇದೆ. ಹಸ್ತಮೈಥುನದ ಬಗ್ಗೆ ಕೆಲವು ಸಾಲು ಬರುತ್ತದೆ. ಕರಿಯರನ್ನೂ ಇಂಡಿಯನ್ನರನ್ನೂ ಒಟ್ಟಿಗೆ ಹೀನಾಯ ಮಾಡುವ ಒಂದು ಜೋಕ್ ಇದೆ. ಆ ಜೋಕ್ ಹೇಳುವುದು ಒಬ್ಬ ಬಿಳಿಯ ಹುಡುಗ. ಅದನ್ನು ಕೇಳಿದ ಆರ್ನಾಲ್ಡ್, ತನಗಿಂತ ಎಷ್ಟೋ ದೊಡ್ಡವನಾದ ಆ ಹುಡುಗನ ಮುಖಕ್ಕೆ ಗುದ್ದುತ್ತಾನೆ. ದೂರಿನಲ್ಲಿ ಜೋಕ್ ಮಾತ್ರ ಸೇರುತ್ತದೆ, ಗುದ್ದು ಸೇರುವುದಿಲ್ಲ.

ದೂರು ಹೇಗೆ ನಡೆಯುತ್ತದೆ ಅಂತ ತಿಳಿದರೆ ಇದರ ಕಾರಣ ಗೊತ್ತಾಗುತ್ತದೆ. ಅಮೆರಿಕದಲ್ಲಿ ಶಾಲೆಯ ಪುಸ್ತಕಗಳನ್ನು ಒಂದು ಕೇಂದ್ರ ಇಲಾಖೆ ನಿರ್ಧರಿಸುವುದಿಲ್ಲ. ಸಾವಿರಾರು ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ, ಪ್ರತಿಯೊಂದಕ್ಕೂ ಊರಿನವರಿಂದಲೇ ಆದ ಒಂದು ಮಂಡಳಿ. ಪೋಷಕರು ಒಂದು ಅರ್ಜಿ ತುಂಬಿ ಕೊಡಬಹುದು. ಯಾವ ಭಾಗಕ್ಕೆ ಆಕ್ಷೇಪ, ಪುಟ ಎಷ್ಟು ಎಂದು ಬರೆಯಬೇಕು. ಪುಸ್ತಕ ಪೂರ್ತಿ ಓದಿದ್ದೀರಾ ಎಂಬ ಪ್ರಶ್ನೆಯೂ ಹಲವು ಅರ್ಜಿಗಳಲ್ಲಿ ಇರುತ್ತದೆ. ಇಲ್ಲ ಅಂದರೂ ಅರ್ಜಿ ನಡೆಯುತ್ತದೆ. ಹೀಗೆ ಪುಟದ ನಂಬರಿನ ಲೆಕ್ಕದಲ್ಲಿ ಓದಿದರೆ ಕಥೆ ಕಾಣುವುದಿಲ್ಲ, ಪದ ಮಾತ್ರ ಕಾಣುತ್ತದೆ.

ಇದರ ಹಿಂದೆ ಒಂದು ಕೋರ್ಟಿನ ಕಥೆಯೂ ಇದೆ. 1970ರ ದಶಕದಲ್ಲಿ ನ್ಯೂಯಾರ್ಕಿನ ಐಲ್ಯಾಂಡ್ ಟ್ರೀಸ್ ಎಂಬಲ್ಲಿ ಶಾಲಾ ಮಂಡಳಿಯೊಂದು ಲೈಬ್ರರಿಯಿಂದ ಕೆಲವು ಪುಸ್ತಕ ತೆಗೆಯಿತು. ಅದರಲ್ಲಿ ನವಾಹೋ ಬುಡಕಟ್ಟಿನ ಯುವಕನ ಬಗ್ಗೆ ಬಿಳಿಯ ಲೇಖಕರೊಬ್ಬರು ಬರೆದ, 1930ರಲ್ಲಿ ಪುಲಿಟ್ಜರ್ ಪಡೆದ ಒಂದು ಕಾದಂಬರಿಯೂ ಇತ್ತು. ಕರಿಯ ಲೇಖಕರ ಪುಸ್ತಕಗಳೂ ಇದ್ದವು. ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. 1982ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅವರಿಗೆ ಗೆಲುವಾಯಿತು. ಪುಸ್ತಕದಲ್ಲಿರುವ ವಿಚಾರ ಇಷ್ಟವಿಲ್ಲ ಎಂಬ ಒಂದೇ ಕಾರಣಕ್ಕೆ ತೆಗೆಯುವಂತಿಲ್ಲ ಎಂದು ಹಲವು ನ್ಯಾಯಮೂರ್ತಿಗಳು ಹೇಳಿದರು. ಆದರೆ ಆ ತೀರ್ಪಿಗೆ ಪೂರ್ಣ ಬಹುಮತ ಇರಲಿಲ್ಲ. ಜೊತೆಗೆ ಒಂದು ಬಾಗಿಲು ತೆರೆದೇ ಇತ್ತು. ಪುಸ್ತಕ ಪೂರ್ತಿ ಅಸಭ್ಯವಾಗಿದ್ದರೆ, ಕಲಿಕೆಗೆ ತಕ್ಕದ್ದಲ್ಲದಿದ್ದರೆ ತೆಗೆಯಬಹುದು.

ಅಂದರೆ, ಬುಡಕಟ್ಟಿನ ಹುಡುಗ ತನ್ನ ಜನಕ್ಕಾದ ಅನ್ಯಾಯ ಹೇಳುವುದು ನಮಗೆ ಇಷ್ಟವಿಲ್ಲ ಎಂದು ಯಾವ ಮಂಡಳಿಯೂ ಬರೆಯುವ ಹಾಗಿಲ್ಲ. ಹಾಗೆ ಅನ್ನಿಸಿದವರೂ ಬರೆಯಬೇಕಾದದ್ದು ಅಸಭ್ಯ ಎಂದೇ. ದೂರು ಕೊಡುವವರೆಲ್ಲ ಒಳಗೊಂದು ಇಟ್ಟುಕೊಂಡು ಹೊರಗೊಂದು ಹೇಳುತ್ತಾರೆ ಎಂದು ನಾನು ಹೇಳುತ್ತಿಲ್ಲ. ನನ್ನ ಗೆಳತಿಯ ಮನಸ್ಸಿನಲ್ಲಿ ಅಂಥದ್ದೇನೂ ಇರಲಿಲ್ಲ. ಆದರೆ ಎಲ್ಲ ದೂರೂ ಒಂದೇ ಬಾಗಿಲಿನಿಂದ ಒಳಬರಬೇಕಾದಾಗ, ಯಾವುದು ಹುಡುಗನ ಮಾತಿಗೆ ಸಿಟ್ಟು, ಯಾವುದು ಹುಡುಗ ಹೇಳುವ ಸತ್ಯಕ್ಕೆ ಸಿಟ್ಟು ಎಂದು ಬೇರ್ಪಡಿಸಲು ಆಗುವುದಿಲ್ಲ.

ಈಚೆಗೆ ಈ ಬಾಗಿಲು ಇನ್ನೂ ಅಗಲವಾಗುತ್ತಿದೆ. ಯೂಟಾ ರಾಜ್ಯದಲ್ಲಿ 2024ರ ಕಾನೂನಿನ ಪ್ರಕಾರ ಮೂರು ಡಿಸ್ಟ್ರಿಕ್ಟ್‌ಗಳು ಒಂದು ಪುಸ್ತಕ ತೆಗೆದರೆ ಸಾಕು, ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಂದ ಅದು ಹೋಗುತ್ತದೆ. 2025ರ ಮೇ ತಿಂಗಳಲ್ಲಿ ಟೆಕ್ಸಾಸ್, ಲೂಯಿಸಿಯಾನಾ, ಮಿಸಿಸಿಪ್ಪಿಗೆ ಅನ್ವಯಿಸುವ ಮೇಲ್ಮನವಿ ಕೋರ್ಟ್ ಇನ್ನೂ ಮುಂದೆ ಹೋಯಿತು. ಸಾರ್ವಜನಿಕ ಲೈಬ್ರರಿ ಪುಸ್ತಕ ತೆಗೆದರೆ, ಮಾಹಿತಿ ಪಡೆಯುವ ಹಕ್ಕಿನ ಹೆಸರಲ್ಲಿ ಓದುಗರು ಅದನ್ನು ಪ್ರಶ್ನಿಸುವಂತಿಲ್ಲ ಎಂದಿತು.

ಇದೆಲ್ಲದರ ನಡುವೆ ಮನಸ್ಸಿಗೆ ಧೈರ್ಯ ಕೊಡುವ ಒಂದು ಸಂಗತಿ ಇಡಾಹೋ ರಾಜ್ಯದ ಮೆರಿಡಿಯನ್‌ನಲ್ಲಿ ನಡೆಯಿತು. 2014ರ ಏಪ್ರಿಲ್‌ನಲ್ಲಿ ಅಲ್ಲಿನ ಮಂಡಳಿ ಈ ಕಾದಂಬರಿಯನ್ನು ಓದಿನ ಪಟ್ಟಿಯಿಂದ ಕೈಬಿಟ್ಟಿತು. ವಿದ್ಯಾರ್ಥಿಗಳು 350 ಸಹಿ ಸಂಗ್ರಹಿಸಿದರೂ ಮಂಡಳಿ ಮಣಿಯಲಿಲ್ಲ. ಅದನ್ನು ಕೇಳಿದ ಜನ ಚಂದಾ ಎತ್ತಿ 350 ಪ್ರತಿ ಕೊಂಡರು. ಅದನ್ನು ಪಾರ್ಕಿನಲ್ಲಿ ಮಕ್ಕಳಿಗೆ ಹಂಚುವಾಗ ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಪೊಲೀಸರು ಬಂದರು, ನೋಡಿದರು. ಮಕ್ಕಳು ಪುಸ್ತಕ ತೆಗೆದುಕೊಳ್ಳುವುದರಲ್ಲಿ ತಪ್ಪೇನೂ ಕಾಣಲಿಲ್ಲ, ವಾಪಸ್ ಹೋದರು.

ನಮ್ಮ ದೇಶದಲ್ಲೂ ಇದೇ ಥರದ್ದು ನಡೆದಿದೆ. ಸಂತಾಲ ಸಮುದಾಯದ ವೈದ್ಯ, ಲೇಖಕ ಹಂಸ್ದಾ ಸೌವೇಂದ್ರ ಶೇಖರ್ ಅವರ ಕಥಾಸಂಕಲನವನ್ನು ಜಾರ್ಖಂಡ್ ಸರ್ಕಾರ 2017ರ ಆಗಸ್ಟ್‌ನಲ್ಲಿ ನಿಷೇಧಿಸಿತು. ಸಂತಾಲ ಹೆಂಗಸರನ್ನು ಅಶ್ಲೀಲವಾಗಿ ತೋರಿಸಿದ್ದಾರೆ ಎಂಬುದು ಆರೋಪ. ಸರ್ಕಾರಿ ಡಾಕ್ಟರ್ ಆಗಿದ್ದ ಅವರನ್ನು ಅಮಾನತು ಮಾಡಿದರು. ಡಿಸೆಂಬರ್‌ನಲ್ಲಿ ನಿಷೇಧ ತೆಗೆದರು. ಆ ಸಂಕಲನದ ಮುಖ್ಯ ಕಥೆ ವಿದ್ಯುತ್ ಸ್ಥಾವರಕ್ಕಾಗಿ ನೆಲ ಕಳೆದುಕೊಳ್ಳುವ ಜನರದ್ದು. ಆ ನೆಲದ ಬಗ್ಗೆ ಆ ನಾಲ್ಕು ತಿಂಗಳಲ್ಲಿ ಎಷ್ಟು ಮಾತಾಯಿತು? ಚರ್ಚೆಯೆಲ್ಲ ಅಶ್ಲೀಲದ ಸುತ್ತಲೇ ತಿರುಗಿತು. ಅಲ್ಲಿ ದೂರಿದವರಲ್ಲಿ ಸಂತಾಲರೂ ಇದ್ದರು. ಅದು ಬೇರೆ ಥರದ ನೋವು, ಅದನ್ನು ಬಿಳಿಯ ಊರಿನ ಪೋಷಕರ ದೂರಿನ ಪಕ್ಕ ಹಾಗೇ ಇಡಲು ಬರುವುದಿಲ್ಲ.

ಆರ್ನಾಲ್ಡನ ಪುಸ್ತಕದ ವಿಷಯದಲ್ಲೂ ಒಳಗಿನವರ ನೋವು ಇದೆ. ನಿಷೇಧವನ್ನು ವಿರೋಧಿಸುವವರು ಇದನ್ನು ಬೇಗ ದಾಟಿಹೋಗುತ್ತಾರೆ. ನಾನು ದಾಟಲಾರೆ.

2018ರ ಫೆಬ್ರುವರಿ ಕೊನೆಯಲ್ಲಿ ಅಲೆಕ್ಸಿ ಒಂದು ಹೇಳಿಕೆ ಕೊಟ್ಟರು. ತಮ್ಮ ನಡತೆಯ ಬಗ್ಗೆ ಸತ್ಯ ಹೇಳುತ್ತಿರುವ ಹೆಂಗಸರಿದ್ದಾರೆ, ತಾವು ನೋಯಿಸಿದ್ದೇನೆ ಎಂದು ಒಪ್ಪಿ ಕ್ಷಮೆ ಕೇಳಿದರು. ಒಂದು ನಿರ್ದಿಷ್ಟ ಆರೋಪವನ್ನು ಮಾತ್ರ ಅಲ್ಲಗಳೆದರು. ಕೆಲವೇ ದಿನದಲ್ಲಿ ಅಮೆರಿಕದ ಸಾರ್ವಜನಿಕ ರೇಡಿಯೋ ಎನ್‌ಪಿಆರ್‌ನಲ್ಲಿ ಮೂವರು ಹೆಂಗಸರು ತಮ್ಮ ಹೆಸರು ಹೇಳಿಕೊಂಡೇ ಅವರ ಲೈಂಗಿಕ ದುರ್ನಡತೆಯ ಬಗ್ಗೆ ಮಾತಾಡಿದರು. ಆ ಮಾರ್ಚ್‌ನಲ್ಲಿ ಅಮೆರಿಕನ್ ಇಂಡಿಯನ್ ಲೈಬ್ರರಿ ಅಸೋಸಿಯೇಷನ್, ಈ ಕಾದಂಬರಿಗೆ 2008ರಲ್ಲಿ ಕೊಟ್ಟಿದ್ದ ಪ್ರಶಸ್ತಿಯನ್ನು ವಾಪಸ್ ತೆಗೆದುಕೊಂಡಿತು. ಇದು ಮೂಲನಿವಾಸಿ ಲೈಬ್ರರಿಯನ್ನರ ಸಂಸ್ಥೆ. ಅವರಿಗೆ ಈ ಪುಸ್ತಕ ಎಷ್ಟು ದೊಡ್ಡದಾಗಿತ್ತು, ಅದನ್ನು ಕೈಬಿಡುವುದು ಎಷ್ಟು ಕಷ್ಟವಾಗಿರಬೇಕು ಎಂದು ಯೋಚಿಸಿದರೆ ಸಂಕಟವಾಗುತ್ತದೆ. ಮಕ್ಕಳ ಪುಸ್ತಕಗಳ ವಿಮರ್ಶಕಿ, ನಾಂಬೆ ಪ್ಯೂಬ್ಲೊ ಬುಡಕಟ್ಟಿನ ಡೆಬಿ ರೀಸ್ ಕೂಡ ಇದನ್ನು ಓದಲು ಹೇಳುವುದನ್ನು ನಿಲ್ಲಿಸಿದರು.

ಬರೀ ನಡತೆಯ ಮಾತೂ ಅಲ್ಲ. ಸ್ಪೋಕ್ಯಾನ್ ಬುಡಕಟ್ಟಿನವರೇ ಆದ ಕವಿ ಗ್ಲೋರಿಯಾ ಬರ್ಡ್ 1995ರಲ್ಲೇ, ಅಲೆಕ್ಸಿಯವರ ಹಿಂದಿನ ಒಂದು ಕಾದಂಬರಿ ಹತಾಶೆಯನ್ನು ಹಿಗ್ಗಿಸಿ ತೋರಿಸುತ್ತದೆ ಎಂದು ಬರೆದಿದ್ದರು. ಆ ಮಾತು ಈ ಪುಸ್ತಕಕ್ಕೂ ಒಂದಿಷ್ಟು ತಟ್ಟುತ್ತದೆ. ಇಲ್ಲಿ ರಿಸರ್ವೇಶನ್ ಅಂದರೆ ಕುಡಿತ, ಸಾವು. ಭರವಸೆ ಇರುವುದು 22 ಮೈಲಿ ಆಚೆ, ಬಿಳಿಯರ ಊರಿನಲ್ಲಿ. ಬಿಟ್ಟುಹೋದವನು ಗೆಲ್ಲುತ್ತಾನೆ. ಹಾಗಾದರೆ ಬಿಡದೆ ಉಳಿದವರು? ಅಲ್ಲೇ ಭಾಷೆ ಕಲಿಸುತ್ತಾ, ಮೀನನ್ನು ವಾಪಸ್ ತರಲು ಹೋರಾಡುತ್ತಾ ಇರುವವರು ಈ ಪುಟಗಳಲ್ಲಿ ಸಿಗುವುದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಸ್ಪೋಕ್ಯಾನ್ ಸೇರಿ ಮೂರು ಬುಡಕಟ್ಟುಗಳು ಮೇಲಿನ ಕೊಲಂಬಿಯಾಕ್ಕೆ ಸಾಲ್ಮನ್ ಮರಳಿಸಲು ಕೇಂದ್ರದೊಡನೆ 20 ವರ್ಷಗಳ, 20 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡವು. ಊರಲ್ಲೇ ಉಳಿದವರ ಕೆಲಸ ಅದು. ನಮ್ಮಲ್ಲಿ ನಾಗರಹೊಳೆಯ ಹಾಡಿಯಿಂದಲೋ ಬಿಳಿಗಿರಿರಂಗನ ಬೆಟ್ಟದ ಪೋಡಿನಿಂದಲೋ ಆಶ್ರಮ ಶಾಲೆಗೆ, ಆಮೇಲೆ ದೂರದ ಹಾಸ್ಟೆಲಿಗೆ ಹೋಗುವ ಮಗುವಿನ ಎದುರೂ ಇದೇ ಕಥೆಯನ್ನು ಇಡುತ್ತೇವೆ. ಹೊರಗೆ ಬಂದರೆ ಉದ್ಧಾರ ಅನ್ನುತ್ತೇವೆ. ಮನೆಯ ಮಾತು, ಕಾಡಿನ ತಿಳಿವು ಹಿಂದೆ ಉಳಿದರೆ ಏನಾಯಿತು ಎಂಬ ಹಾಗೆ.

ಈಗ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ನಿನ 2020ರ ಪಟ್ಟಿ ನೋಡಿ. ಈ ಪುಸ್ತಕದ ಮೇಲಿನ ಆಕ್ಷೇಪಗಳನ್ನು ಅಲ್ಲಿ ಒಂದೇ ಸಾಲಿನಲ್ಲಿ ಕೊಟ್ಟಿದ್ದಾರೆ: ಬೈಗುಳ, ಲೈಂಗಿಕ ಉಲ್ಲೇಖ, ಲೇಖಕರ ಮೇಲಿನ ಲೈಂಗಿಕ ದುರ್ನಡತೆಯ ಆರೋಪ. ಮೂರೂ ಅಕ್ಕಪಕ್ಕ. ನನ್ನ ತಕರಾರು ಇರುವುದು ಇಲ್ಲೇ. ಮೂಲನಿವಾಸಿ ಲೈಬ್ರರಿಯನ್ನರು ಪ್ರಶಸ್ತಿ ಹಿಂದೆ ಪಡೆದದ್ದು ನೊಂದ ಹೆಂಗಸರ ಪರ ನಿಲ್ಲಲು. ಮಂಡಳಿ ಪುಸ್ತಕ ತೆಗೆಯುವುದು ಮಕ್ಕಳು ಅದನ್ನು ಓದದಿರಲಿ ಎಂದು. ಮೊದಲನೆಯದು ಗೌರವವನ್ನು ಹಿಂತೆಗೆದುಕೊಳ್ಳುವುದು. ಎರಡನೆಯದು ಪುಸ್ತಕವನ್ನೇ ಕಾಣದಂತೆ ಮಾಡುವುದು. ಮೊದಲನೆಯದರ ಹೆಸರು ಹೇಳಿ ಎರಡನೆಯದನ್ನು ಮಾಡಿದರೆ ಆ ಹೆಂಗಸರಿಗೆ ನ್ಯಾಯ ಸಿಗುವುದಿಲ್ಲ. ಕಪಾಟಿನಲ್ಲಿ ಒಂದು ಜಾಗ ಖಾಲಿಯಾಗುತ್ತದೆ, ಅಷ್ಟೇ.

ಆ ಖಾಲಿ ಜಾಗ ಎಷ್ಟು ದೊಡ್ಡದು ಗೊತ್ತಾ? ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಕ್ಕಳ ಪುಸ್ತಕ ಕೇಂದ್ರ ಪ್ರತಿವರ್ಷ ಒಂದು ಲೆಕ್ಕ ಇಡುತ್ತದೆ. ಅದರ ಅಂಕಿಗಳ ಮೇಲೆ ಮಾಡಿದ 2018ರ ಚಿತ್ರಪಟದ ಪ್ರಕಾರ, ಆ ವರ್ಷದ ಮಕ್ಕಳ ಪುಸ್ತಕಗಳಲ್ಲಿ ಮುಖ್ಯ ಪಾತ್ರ ಬಿಳಿಯರಾಗಿದ್ದದ್ದು ಶೇ 50. ಪ್ರಾಣಿಗಳು ಮತ್ತು ಇತರೆ ಶೇ 27. ಮೂಲನಿವಾಸಿಗಳು ಶೇ 1. ಕರಡಿ, ಮೊಲ, ಲಾರಿ, ರೈಲಿಗೆ ಸಿಕ್ಕಿದ ಪುಟಗಳ ಹತ್ತಿರಕ್ಕೂ ಆ ಮಕ್ಕಳು ಬರುವುದಿಲ್ಲ. ಇಂಥ ಕಡೆ ಹೆಚ್ಚು ಮಕ್ಕಳ ಕೈಗೆ ತಲುಪಿದ್ದು ಈ ಒಂದೇ ಒಂದು ಪುಸ್ತಕ. ಇದನ್ನು ತೆಗೆದರೆ ಎಷ್ಟೋ ಶಾಲೆಗಳಲ್ಲಿ ಮಿಕ್ಕುವುದು ಸೊನ್ನೆ. ಹಾಗೆಯೇ, ಇದೊಂದನ್ನೇ ಇಟ್ಟುಕೊಂಡು ನಮ್ಮಲ್ಲಿ ಮೂಲನಿವಾಸಿ ಸಾಹಿತ್ಯ ಇದೆ ಎಂದು ಹೇಳಿಕೊಳ್ಳುವುದೂ ಮೋಸವೇ. ಐದುನೂರಕ್ಕೂ ಹೆಚ್ಚು ಬುಡಕಟ್ಟುಗಳಿರುವ ದೇಶದಲ್ಲಿ ಒಬ್ಬ ಹುಡುಗ ಎಲ್ಲರ ಪರವಾಗಿ ಮಾತಾಡಬೇಕೇ? ಒನೊಂಡಾಗಾ ಸಮುದಾಯದ ಎರಿಕ್ ಗ್ಯಾನ್ಸ್‌ವರ್ತ್ ರಿಸರ್ವೇಶನ್ನಿನ ಹುಡುಗರ ಬಗ್ಗೆ ಬರೆದಿದ್ದಾರೆ, ಬಡತನವೂ ಇದೆ, ಊರಿನ ಮೇಲಿನ ಪ್ರೀತಿಯೂ ಇದೆ. ಒಜಿಬ್ವೆ ಹುಡುಗಿಯನ್ನು ನಾಯಕಿ ಮಾಡಿ ಬರೆದ ಆ್ಯಂಜೆಲಿನ್ ಬೂಲಿಯವರಿಗೆ 2022ರಲ್ಲಿ, ಹದಿಹರೆಯದವರ ಸಾಹಿತ್ಯಕ್ಕೆ ಕೊಡುವ ಪ್ರಿಂಟ್ಜ್ ಪ್ರಶಸ್ತಿ ಬಂತು. ಈಗ ಆಯ್ಕೆ ಇದೆ. ಹಳೆಯದನ್ನು ತೆಗೆಯುವ ಉತ್ಸಾಹದ ಕಾಲುಭಾಗ ಇವನ್ನು ಕೊಳ್ಳುವುದಕ್ಕೆ ತೋರಿಸಿದ್ದರೆ ಎಷ್ಟು ಚೆನ್ನಾಗಿತ್ತು.

ಗೆಳತಿಗೆ ಆಮೇಲೆ ಹೇಳಿದೆ: ನಿಮ್ಮ ಮಗನಿಗೆ ಈಗ ಬೇಡ ಅನ್ನಿಸಿದರೆ ಬೇಡ, ಅದು ನಿಮ್ಮ ಮನೆಯ ತೀರ್ಮಾನ. ಶಾಲೆಗಳೂ ಅಂಥವರಿಗೆ ಬೇರೆ ಪುಸ್ತಕ ಕೊಡುತ್ತವೆ. ಆದರೆ ಕಪಾಟಿನಿಂದಲೇ ತೆಗೆಸಿದರೆ ಯಾರಿಗೋ ನಷ್ಟ. ಅದೇ ತರಗತಿಯಲ್ಲಿ ರಾತ್ರಿ ಊಟವಿಲ್ಲದೆ ಮಲಗುವ, ಅದನ್ನು ಯಾರಿಗೂ ಹೇಳದ ಒಂದು ಮಗು ಇರಬಹುದು. ಅದಕ್ಕೆ ಈ ಹುಡುಗ ಬೇಕು. ಅವರು ಪುಸ್ತಕ ತೆಗೆದುಕೊಂಡು ಹೋದರು. "ಮೊದಲು ನಾನು ಓದ್ತೀನಿ ತಾಳಿ" ಅಂದರು.

ಎರಡು ವಾರ ಬಿಟ್ಟು ಫೋನ್ ಬಂತು. ಅವರು ಆ ಪುಟದ ಬಗ್ಗೆ ಮಾತೇ ಎತ್ತಲಿಲ್ಲ. ಕ್ರಿಸ್‌ಮಸ್ಸಿನ ಅಧ್ಯಾಯದ ಬಗ್ಗೆ ಹೇಳಿದರು. ಮನೆಯಲ್ಲಿ ದುಡ್ಡಿಲ್ಲ. ಇದ್ದಬದ್ದ ಸ್ವಲ್ಪವನ್ನೂ ತೆಗೆದುಕೊಂಡು ಅಪ್ಪ ಕುಡಿಯಲು ಹೋಗಿಬಿಡುತ್ತಾನೆ. ಹಬ್ಬ ಮುಗಿಯುತ್ತದೆ, ಹೊಸ ವರ್ಷವೂ ಬರುತ್ತದೆ. ಜನವರಿ 2ಕ್ಕೆ ಮನೆಗೆ ಬಂದು ಮಲಗಿದ ಅಪ್ಪ, ಮಗನನ್ನು ಕರೆದು, ನನ್ನ ಬೂಟಿನೊಳಗೆ ನೋಡು ಅನ್ನುತ್ತಾನೆ. ವಾಸನೆ ಹೊಡೆಯುವ ಬೂಟಿನ ಅಡಿಯಲ್ಲಿ, ಮಡಿಸಿ ಒದ್ದೆಯಾದ ಒಂದು ಐದು ಡಾಲರಿನ ನೋಟು. ಕುಡಿತಕ್ಕೆ ಎಷ್ಟು ಆಸೆಯಾಗಿದ್ದರೂ ಅದನ್ನು ಮಾತ್ರ ಮಗನಿಗೆಂದು ಮುಟ್ಟದೆ ಇಟ್ಟಿದ್ದಾನೆ.

ನಾನು ಓದಿದ ಯಾವ ದೂರಿನಲ್ಲೂ ಆ ಪುಟದ ನಂಬರ್ ಇರಲಿಲ್ಲ.